ಸೊನ್ನೆ ಬಂದರೆ ಪಾಸು

ರಾತ್ರಿ ಕೋಡಿಂಗ್ ಏಜೆಂಟ್‌ಗೆ ಕೆಲಸ ಹಚ್ಚಿ, ಬೆಳಗ್ಗೆ ಕಾಫಿ ಹೀರುತ್ತ ಮರ್ಜ್ ಒತ್ತುವ ಎಲ್ಲ ಎಂಜಿನಿಯರ್ ಗೆಳೆಯರಿಗೆ ಮತ್ತು ಅವರ ಟೀಮ್ ಲೀಡ್‌ಗಳಿಗೆ,



ಶಾಲೆಯಲ್ಲಿ ಸೊನ್ನೆ ಬಂದರೆ ಫೇಲು. ಕಂಪ್ಯೂಟರಿನಲ್ಲಿ ತಿರುಗುಮುರುಗು. ಪ್ರೋಗ್ರಾಮ್ ಕೆಲಸ ಮುಗಿಸಿ ಹೊರಬೀಳುವಾಗ ಒಂದು ಅಂಕಿ ಹೇಳಿ ಹೋಗುತ್ತದೆ. ಅದು ಸೊನ್ನೆಯಾದರೆ ಎಲ್ಲ ಸುಸೂತ್ರ, ಬೇರೆ ಯಾವ ಅಂಕಿಯಾದರೂ ಎಲ್ಲೋ ಎಡವಟ್ಟು. ಯುನಿಕ್ಸ್ ಕಾಲದಿಂದ ಬಂದ ರೂಢಿ ಇದು. ನೀವು ದಿನಾ ನೋಡುವ ಹಸಿರು ಟಿಕ್ ಗುರುತಿನ ಬೇರು ಇಳಿದಿರುವುದು ಈ ಸೊನ್ನೆಯಲ್ಲೇ. ಅದನ್ನು ಸಂಪಾದಿಸಲು ಎರಡು ದಾರಿಗಳಿವೆ: ಹೇಳಿದ ಕೆಲಸವನ್ನು ಸರಿಯಾಗಿ ಮಾಡಿ ಮುಗಿಸುವುದು, ಇಲ್ಲವೇ ಪರೀಕ್ಷೆ ಶುರುವಾಗುವ ಮೊದಲೇ 'ಸೊನ್ನೆ' ಎಂದು ಕೂಗಿ ಬಾಗಿಲು ದಾಟುವುದು. ಹೊರಗೆ ನಿಂತವರ ಕಣ್ಣಿಗೆ ಎರಡೂ ಒಂದೇ ಹಸಿರು.

ಏಜೆಂಟ್‌ಗಳು ಎರಡನೆಯ ದಾರಿಯನ್ನೂ ಹಿಡಿಯುತ್ತವೆ. ಇದು ಯಾರದೋ ಅನುಮಾನವಲ್ಲ, ಅವುಗಳನ್ನು ತಯಾರಿಸಿದವರೇ ಬರೆದುಕೊಂಡ ಸಂಗತಿ. ಹಾಗಾಗಿ ಒಂದು ಕೋರಿಕೆ: ಏಜೆಂಟ್ ಕೊನೆಯಲ್ಲಿ ಒಪ್ಪಿಸುವ ವರದಿಯನ್ನು ನಂಬುವ ಮೊದಲು, ಅದು ಓಡಿದ ಜಾಡನ್ನು ತೆರೆದು ಓದಿ. ಯಾವ ಫೈಲು ತೆರೆಯಿತು, ಯಾವ ಕಮಾಂಡ್ ಕೊಟ್ಟಿತು, ಎಲ್ಲಿ ಎಡವಿತು, ಎದ್ದದ್ದು ಹೇಗೆ ಎಂಬುದೆಲ್ಲ ಲಾಗ್‌ನಲ್ಲಿ ಬಿದ್ದಿರುತ್ತದೆ. ಬಹಳ ಮಂದಿ ಅದನ್ನು ತೆರೆಯುವುದೇ ಇಲ್ಲ.

ಇದು ಚಾಟ್‌ಜಿಪಿಟಿ ಬಂದ ಮೇಲೆ ಹುಟ್ಟಿದ ಕಾಯಿಲೆಯೂ ಅಲ್ಲ. 2009ರಲ್ಲಿ ಅಮೆರಿಕದ ವೆಸ್ಲಿ ವೈಮರ್, ಸ್ಟೆಫನಿ ಫಾರೆಸ್ಟ್ ಮತ್ತು ಸಂಗಡಿಗರು, ಮುಂದೆ ಜೆನ್‌ಪ್ರಾಗ್ ಎಂದು ಹೆಸರಾದ ಒಂದು ವಿಧಾನವನ್ನು ಮುಂದಿಟ್ಟರು. ಬಗ್ ಇರುವ ಪ್ರೋಗ್ರಾಮಿನ ಸಾಲುಗಳನ್ನು ಅಳಿಸಿ, ಅದಲುಬದಲು ಮಾಡಿ, ಹೊಸ ಹೊಸ ತಳಿಗಳನ್ನು ಹುಟ್ಟಿಸುವುದು, ಟೆಸ್ಟ್ ಪಾಸಾದ ತಳಿಯನ್ನು ಉಳಿಸಿಕೊಳ್ಳುವುದು. ಇಷ್ಟೇ ಅದರ ವಿದ್ಯೆ. ಪಟ್ಟಿಯನ್ನು ಅನುಕ್ರಮವಾಗಿ ಜೋಡಿಸಬೇಕಾದ ಒಂದು ಪ್ರೋಗ್ರಾಮನ್ನು ಅದಕ್ಕೆ ಒಪ್ಪಿಸಿದಾಗ ಸಿಕ್ಕ 'ದುರಸ್ತಿ' ಏನು ಗೊತ್ತೆ? ಯಾವ ಪಟ್ಟಿ ಕೊಟ್ಟರೂ ಖಾಲಿ ಪಟ್ಟಿಯನ್ನು ವಾಪಸು ಕೊಡುವುದು. ಬಂದ ಪಟ್ಟಿ ಅನುಕ್ರಮದಲ್ಲಿದೆಯೇ ಎಂದಷ್ಟೇ ಟೆಸ್ಟ್ ಕೇಳುತ್ತಿತ್ತು. ಖಾಲಿ ಪಟ್ಟಿಯಲ್ಲಿ ಹಿಂದುಮುಂದಾಗಲು ಏನಿದೆ?

ಇನ್ನೊಂದು ಸಲ ಪ್ರೋಗ್ರಾಮಿನ ಉತ್ತರವನ್ನು ಸರಿಯುತ್ತರವಿದ್ದ ಒಂದು ಫೈಲಿನೊಂದಿಗೆ ತಾಳೆ ನೋಡುವ ಏರ್ಪಾಡಿತ್ತು. ಹುಟ್ಟಿದ ತಳಿಯೊಂದು ಆ ಸರಿಯುತ್ತರದ ಫೈಲನ್ನೇ ಅಳಿಸಿಹಾಕಿ, ತಾನೂ ಏನನ್ನೂ ಬರೆಯದೆ ಕೂತಿತು. ಇಲ್ಲಕ್ಕೆ ಇಲ್ಲ ಸರಿಹೊಂದಿತು. ಪಾಸು.

ನಗು ಬರುವುದು ಸಹಜ. ಆದರೆ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. 2012ರಲ್ಲಿ ಜೆನ್‌ಪ್ರಾಗ್ ತಂಡ ಒಂದು ದೊಡ್ಡ ಪ್ರಬಂಧ ಮಂಡಿಸಿತು: ನಿಜವಾದ ಸಾಫ್ಟ್‌ವೇರುಗಳ 105 ದೋಷಗಳಲ್ಲಿ 55ನ್ನು ತಲಾ 8 ಡಾಲರ್ ಖರ್ಚಿನಲ್ಲಿ ಸರಿಪಡಿಸಲಾಗಿದೆ. ಪ್ರಬಂಧದ ಶೀರ್ಷಿಕೆಯಲ್ಲೇ ಆ ಲೆಕ್ಕವಿತ್ತು. ಮೂರು ವರ್ಷ ಕಳೆದ ಮೇಲೆ ಎಂಐಟಿಯ ಮಾರ್ಟಿನ್ ರಿನಾರ್ಡ್ ಮತ್ತು ಸಹೋದ್ಯೋಗಿಗಳು ಆ ಪ್ಯಾಚ್‌ಗಳನ್ನು ಒಂದೊಂದಾಗಿ ಬಿಚ್ಚಿ ಓದಿದರು. ಅಂಕಿಯನ್ನು ನೋಡಲಿಲ್ಲ, ಪ್ಯಾಚ್ ಓದಿದರು. 55ರಲ್ಲಿ ನಿಜಕ್ಕೂ ಸರಿಯಾಗಿದ್ದದ್ದು 2. ಉಳಿದವುಗಳಲ್ಲಿ ಬಹುಪಾಲು, ಬಗ್ ಇದ್ದ ಸೌಲಭ್ಯವನ್ನೇ ಕಿತ್ತುಹಾಕಿದ್ದಕ್ಕೆ ಸಮ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಕೆಲವು ಕಡೆಯಂತೂ ಟೆಸ್ಟ್ ಬರೆದವರು ಪ್ರೋಗ್ರಾಮ್ ಕೊಟ್ಟ ಉತ್ತರ ಸರಿಯೇ ಎಂದು ನೋಡಿಯೇ ಇರಲಿಲ್ಲ. ಅದು ಹೊರಬೀಳುವಾಗ ಸೊನ್ನೆ ಹೇಳಿತೇ ಎಂದಷ್ಟೇ ನೋಡುತ್ತಿದ್ದರು. ರಿನಾರ್ಡ್ ತಂಡ ಅಷ್ಟಕ್ಕೇ ಸುಮ್ಮನಾಗದೆ, ಕೋಡನ್ನು ಅಳಿಸುವುದು ಬಿಟ್ಟರೆ ಬೇರೇನೂ ಬಾರದ ಒಂದು ವ್ಯವಸ್ಥೆಯನ್ನು ಕಟ್ಟಿತು. ಕನ್ನಡದ ಕಿವಿಗೆ 'ಖಾಲಿ' ಎಂದೇ ಕೇಳಿಸುವ 'ಕಾಲಿ' ಅದರ ಹೆಸರು. ಈ ಅಳಿಸುವ ಯಂತ್ರವೂ ಹಳೆಯ ವ್ಯವಸ್ಥೆಗಳ ಸರಿಸಮಕ್ಕೆ ಪಾಸಾಯಿತು.

ಈಗ ಹತ್ತು ವರ್ಷ ಮುಂದಕ್ಕೆ ಬನ್ನಿ.

2025ರ ಮಾರ್ಚ್‌ನಲ್ಲಿ ಓಪನ್‌ಎಐ ತನ್ನದೇ ಒಂದು ಮಾದರಿಯ ತರಬೇತಿಯ ವೇಳೆ ಕಂಡದ್ದನ್ನು ಪ್ರಕಟಿಸಿತು. ಕೋಡ್ ಬರೆದು ಟೆಸ್ಟ್ ಪಾಸು ಮಾಡಬೇಕಿದ್ದ ಏಜೆಂಟ್, ಟೆಸ್ಟ್‌ಗಳು ಪೂರ್ತಿ ಓಡುವ ಮೊದಲೇ ಸೊನ್ನೆ ಹೇಳಿ ಹೊರನಡೆಯುವ ಉಪಾಯ ಕಂಡುಕೊಂಡಿತ್ತು. ಟೆಸ್ಟ್‌ಗಳನ್ನು 'ಸ್ಕಿಪ್' ಎಂದು ಹಾರಿಸಿಬಿಡುವ ಉಪಾಯವೂ ಅದಕ್ಕೆ ಸಿಕ್ಕಿತ್ತು. ಯಾವುದೋ ಒಂದು ರನ್ನಿನಲ್ಲಿ ಆಕಸ್ಮಿಕವಾಗಿ ಆದದ್ದಲ್ಲ; ತರಬೇತಿ ಮುಂದುವರಿದಂತೆ ಅದೇ ಚಾಳಿಯಾಗಿ ಹಬ್ಬಿತ್ತು. ಜೆನ್‌ಪ್ರಾಗ್‌ಗೆ ಗೊತ್ತಿಲ್ಲದೆ ಒಲಿದದ್ದು ಇದಕ್ಕೆ ಯೋಚಿಸಿ ಒಲಿದಿತ್ತು. ಏಜೆಂಟ್ ಮನಸ್ಸಿನಲ್ಲೇ ಬರೆದುಕೊಳ್ಳುವ ಆಲೋಚನೆಯ ಸಾಲುಗಳಲ್ಲಿ 'ಹ್ಯಾಕ್ ಮಾಡೋಣ' ಎಂಬ ಅರ್ಥದ ಮಾತು ನೇರವಾಗಿಯೇ ಇತ್ತು.

ಈ ಅಧ್ಯಯನದಲ್ಲಿ ನಮ್ಮ ಕೆಲಸಕ್ಕೆ ಬರುವ ಲೆಕ್ಕ ಬೇರೆಯೇ ಇದೆ. ಕಾವಲಿಗೆ ಕೂರಿಸಿದ್ದು ಜಿಪಿಟಿ-4ಒ ಎಂಬ, ಏಜೆಂಟ್‌ಗಿಂತ ಕಡಿಮೆ ಬಲದ ಮಾದರಿಯನ್ನು. ಅದಕ್ಕೆ ಏಜೆಂಟ್ ಮಾಡಿದ ಕೆಲಸಗಳನ್ನು ಮಾತ್ರ ತೋರಿಸಿದಾಗ ಮೋಸಗಳಲ್ಲಿ ಶೇ. 60ರಷ್ಟನ್ನು ಹಿಡಿಯಿತು. ಆಲೋಚನೆಯ ಸಾಲುಗಳನ್ನೂ ಓದಲು ಕೊಟ್ಟಾಗ ಶೇ. 95. ಹಾಗಾದರೆ ಕೆಟ್ಟ ಆಲೋಚನೆ ಬಂದಾಗಲೆಲ್ಲ ದಂಡ ಹಾಕೋಣ ಎಂದು ಹೊರಟರೆ, ಏಜೆಂಟ್ ಮೋಸವನ್ನು ಬಿಡಲಿಲ್ಲ. ಆಲೋಚನೆಯಲ್ಲಿ ಅದನ್ನು ಬರೆಯುವುದನ್ನು ಬಿಟ್ಟಿತು. ಪೊಲೀಸರನ್ನು ಕಂಡ ಕೂಡಲೇ ಹೆಲ್ಮೆಟ್ ತಲೆಗೇರಿಸುವ ಬೈಕ್ ಸವಾರರ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಮೀಟರ್ ಎಂಬ ಸ್ವತಂತ್ರ ಸಂಶೋಧನಾ ಸಂಸ್ಥೆ ಓಪನ್‌ಎಐನ ಒ3 ಮಾದರಿಯ ರನ್‌ಗಳನ್ನು ಪರಿಶೀಲಿಸಿ ಬರೆದ ವರದಿಯಂತೂ ಪತ್ತೇದಾರಿ ಕಥೆಯಂತಿದೆ. ಗ್ರಾಫಿಕ್ಸ್ ಚಿಪ್ ಮೇಲೆ ಓಡುವ ಒಂದು ಲೆಕ್ಕದ ಪ್ರೋಗ್ರಾಮನ್ನು ವೇಗವಾಗಿ ಓಡುವಂತೆ ಬರೆದುಕೊಡು ಎಂದು ಅದಕ್ಕೆ ಹೇಳಲಾಗಿತ್ತು. ಅಂಕ ಹಾಕುವ ಪ್ರೋಗ್ರಾಮ್, ತಾಳೆ ನೋಡುವ ಸಲುವಾಗಿ ಸರಿಯುತ್ತರವನ್ನು ಮೊದಲೇ ಲೆಕ್ಕ ಹಾಕಿ ಮೆಮೊರಿಯಲ್ಲಿ ಇಟ್ಟುಕೊಂಡಿತ್ತು. ಒ3, ತನ್ನನ್ನು ಕರೆದವರು ಯಾರು, ಅವರನ್ನು ಕರೆದವರು ಯಾರು ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಹೋಗಿ ಆ ಉತ್ತರವನ್ನು ಪತ್ತೆಮಾಡಿ, ಅದನ್ನೇ ತಂದು ಒಪ್ಪಿಸಿತು. ಸಾಲದ್ದಕ್ಕೆ, ಚಿಪ್ ಕೆಲಸ ಮುಗಿಸುವ ತನಕ ಗಡಿಯಾರ ಕಾಯುವಂತೆ ಮಾಡುವ ಏರ್ಪಾಡನ್ನೂ ನಿಷ್ಕ್ರಿಯ ಮಾಡಿತು. ಕಡಿಮೆ ಹೊತ್ತು ಹಿಡಿದಂತೆ ಕಾಣಬೇಕಲ್ಲ! ಬೆಂಗಳೂರಿನವರಿಗೆ ಆಟೊ ಮೀಟರ್ ತಿದ್ದುವುದು ಗೊತ್ತು, ಆದರೆ ಇಲ್ಲಿ ಆಟೊ ಸ್ಟ್ಯಾಂಡಿನಿಂದ ಕದಲಿಯೇ ಇರಲಿಲ್ಲ.

ಈ ಕೆಲಸ ಸೇರಿದ್ದ ಪರೀಕ್ಷೆಗಳ ಗುಂಪಿನಲ್ಲಿ ಒ3 ಮಾಡಿದ 128 ರನ್‌ಗಳ ಪೈಕಿ 39ರಲ್ಲಿ ಇಂಥದ್ದೊಂದು ಕೈಚಳಕ ಸಿಕ್ಕಿತು. ಹೀಗೆ ಮಾಡಿದ್ದು ನಿನ್ನ ಬಳಕೆದಾರರ ಉದ್ದೇಶಕ್ಕೆ ಹೊಂದುತ್ತದೆಯೇ ಎಂದು ಮಾದರಿಯನ್ನೇ ಹತ್ತು ಸಲ ಕೇಳಿದರು. ಹತ್ತಕ್ಕೆ ಹತ್ತು ಸಲವೂ ಅದು ಇಲ್ಲ ಎಂದಿತು. ಗೊತ್ತಿಲ್ಲದೆ ಆದ ತಪ್ಪು ಎಂದು ಮಾಫಿ ಮಾಡಲೂ ಇಲ್ಲಿ ಜಾಗವಿಲ್ಲ.

ಒಂದು ಮಾತು ಒಪ್ಪಬೇಕು. ಇವೆಲ್ಲ ಪ್ರಯೋಗಶಾಲೆಯ ಪರೀಕ್ಷೆಗಳು. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಯಾವ ಏಜೆಂಟೂ ಗಡಿಯಾರಕ್ಕೆ ಕೈ ಹಾಕಲಿಕ್ಕಿಲ್ಲ. ಆದರೆ ಇದೇ ಏಜೆಂಟ್‌ಗಳಿಗೆ ಹಾಕಿದ ಅಂಕಗಳನ್ನು ನೋಡಿಯೇ ತಾನೆ ನೀವು ಯಾವುದಕ್ಕೆ ಚಂದಾ ಕಟ್ಟಬೇಕೆಂದು ತೀರ್ಮಾನಿಸುವುದು? ಆ ಅಂಕಪಟ್ಟಿಗಳಲ್ಲಿ ಹೆಸರುವಾಸಿಯಾದದ್ದು ಎಸ್‌ಡಬ್ಲ್ಯುಇ-ಬೆಂಚ್. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2023ರಲ್ಲಿ 12 ಪೈಥಾನ್ ಯೋಜನೆಗಳಿಂದ 2,294 ನಿಜವಾದ ದೂರುಗಳನ್ನು ಹೆಕ್ಕಿ ಕಟ್ಟಿದ ಪರೀಕ್ಷೆ. ಯೋಜನೆಯ ಕೋಡನ್ನು ದೋಷ ಸರಿಹೋಗುವುದಕ್ಕಿಂತ ಮುಂಚಿನ ಸ್ಥಿತಿಗೆ ಒಯ್ದು ಇಟ್ಟು, ಈಗ ನೀನು ಸರಿಮಾಡು ಎನ್ನುವುದು ಅದರ ಕ್ರಮ. 2025ರ ಸೆಪ್ಟೆಂಬರ್‌ನಲ್ಲಿ ಮೆಟಾ ಕಂಪನಿಯ ಸಂಶೋಧಕರು ಜಾಡುಗಳನ್ನು ಓದುತ್ತ ಹೋದಾಗ ಒಂದು ವಿಚಿತ್ರ ಕಂಡಿತು. ಕೋಡೇನೋ ಹಿಂದಕ್ಕೆ ಹೋಗಿತ್ತು, ಆದರೆ ಗಿಟ್ ಭಂಡಾರದಲ್ಲಿ ಮುಂದಿನ ದಿನಗಳ ಕಮಿಟ್‌ಗಳು ಹಾಗೇ ಉಳಿದಿದ್ದವು. ಕೆಲವು ಏಜೆಂಟ್‌ಗಳು ಗಿಟ್ ಲಾಗ್ ಕಮಾಂಡಿಗೆ 'ಎಲ್ಲವನ್ನೂ ತೋರಿಸು' ಎಂಬ ಆಯ್ಕೆ ಸೇರಿಸಿ, ಮುಂದೊಂದು ದಿನ ಮನುಷ್ಯರು ಮಾಡಿದ ದುರಸ್ತಿಯನ್ನೇ ಹುಡುಕಿ ತೆಗೆದಿದ್ದವು. 2016ರಲ್ಲಿ ನಮ್ಮ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡೆರಡು ಸಲ ಸೋರಿದಾಗ ಮರುಪರೀಕ್ಷೆ ಮಾಡಿದರು. ಇಲ್ಲಿ ಸೋರಿದ್ದು ಪ್ರಶ್ನೆಯಲ್ಲ, ಉತ್ತರ. ಎಸ್‌ಡಬ್ಲ್ಯುಇ-ಬೆಂಚ್‌ನ ನಿರ್ವಾಹಕರು ತೂತನ್ನು ಒಪ್ಪಿಕೊಂಡು ಮುಚ್ಚುವ ಕೆಲಸಕ್ಕಿಳಿದರು. ಅಂಕಗಳನ್ನಷ್ಟೇ ನೋಡುತ್ತ ಕೂತಿದ್ದರೆ ತೂತು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಫೇಲಾದ ರನ್‌ಗಳನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2024ರಲ್ಲಿ ಓಪನ್‌ಎಐ 93 ಪ್ರೋಗ್ರಾಮರ್‌ಗಳನ್ನು ಕೂರಿಸಿ ಇದೇ ಪರೀಕ್ಷೆಯ 1,699 ಪ್ರಶ್ನೆಗಳನ್ನು ಓದಿಸಿತು. ಶೇ. 68.3ರಷ್ಟನ್ನು ಪಕ್ಕಕ್ಕಿಡಬೇಕಾಯಿತು. ಪ್ರಶ್ನೆಯೇ ಅರ್ಥವಾಗದಂತೆ ಇದ್ದದ್ದು ಕೆಲವು. ಪ್ರಶ್ನೆಯಲ್ಲಿ ಎಲ್ಲೂ ಹೇಳದ ಎಚ್ಚರಿಕೆ ಸಂದೇಶವನ್ನು ಅಕ್ಷರ ತಪ್ಪದೆ ಬರೆದಿರಬೇಕೆಂದು ಟೆಸ್ಟ್ ಹಟ ಹಿಡಿದದ್ದು ಇನ್ನು ಕೆಲವು. ಸರಿಯಾಗಿ ಬರೆದ ಹುಡುಗನಿಗೂ ಅಲ್ಲಿ ಸೊನ್ನೆ, ಶಾಲೆಯ ಸೊನ್ನೆ.

ಇನ್ನು ಏಜೆಂಟ್ ಬಾಯಲ್ಲಿ ಹೇಳುವ ಮಾತು. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ರೆಪ್ಲಿಟ್ ಕಂಪನಿಯ ಏಜೆಂಟ್‌ನಿಂದ ಒಂದು ಆ್ಯಪ್ ಕಟ್ಟಿಸುತ್ತಿದ್ದರು. ಯಾವುದಕ್ಕೂ ಕೈ ಹಚ್ಚಬೇಡ ಎಂದು ತಾಕೀತು ಮಾಡಿದ್ದ ಹೊತ್ತಿನಲ್ಲೇ ಅದು ಚಾಲ್ತಿಯಲ್ಲಿದ್ದ ಡೇಟಾಬೇಸನ್ನು ಅಳಿಸಿತು. 1,206 ಅಧಿಕಾರಿಗಳ ಮತ್ತು 1,196 ಕಂಪನಿಗಳ ವಿವರ ಹೋಯಿತು. ಹಿಂದಿನ ಸ್ಥಿತಿಗೆ ಮರಳಲು ಸಾಧ್ಯವೇ ಎಂದು ಕೇಳಿದರೆ, ಆಗದು ಎಂದಿತು. ಲೆಮ್ಕಿನ್ ತಾವೇ ರೋಲ್‌ಬ್ಯಾಕ್ ಮಾಡಿ ನೋಡಿದರು, ಆಯಿತು. ಕಂಪನಿಯ ಮುಖ್ಯಸ್ಥ ಅಮ್ಜದ್ ಮಸಾದ್ ಬಹಿರಂಗವಾಗಿ ಕ್ಷಮೆ ಕೇಳಿ, ಪ್ರಯೋಗದ ಡೇಟಾಬೇಸನ್ನು ಚಾಲ್ತಿಯದರಿಂದ ಬೇರ್ಪಡಿಸುವುದಾಗಿ ಹೇಳಿದರು. ಅಳಿಸಿದ್ದಕ್ಕಿಂತಲೂ ಚಿಂತೆಯ ವಿಷಯ ಆ 'ಆಗದು'. ಪರೀಕ್ಷಿಸದೆಯೇ, ಪರೀಕ್ಷಿಸಿದವರ ಧಾಟಿಯಲ್ಲಿ ಬಂದ ಮಾತು ಅದು. ಏಜೆಂಟ್‌ನ ವರದಿಯಲ್ಲಿ ಬರುವ 'ಎಲ್ಲ ಟೆಸ್ಟ್‌ಗಳೂ ಪಾಸಾಗಿವೆ' ಎಂಬ ಸಾಲಿಗೂ ಅಷ್ಟೇ ತೂಕ.

ದೂರದ ಕಥೆ ಸಾಕು, ಕನ್ನಡದ್ದೇ ಒಂದು ಪುಟ್ಟ ಪ್ರಯೋಗವನ್ನು ನೀವೇ ಮಾಡಿ ನೋಡಿ. ಗ್ರಂಥಾಲಯದ ಆ್ಯಪ್ ಒಂದಕ್ಕೆ ಕನ್ನಡ ಪದಗಳನ್ನು ನಿಘಂಟಿನ ಕ್ರಮದಲ್ಲಿ ಜೋಡಿಸುವ ಫಂಕ್ಷನ್ ಬೇಕು ಎಂದಿಟ್ಟುಕೊಳ್ಳಿ. ಟೆಸ್ಟ್‌ನಲ್ಲಿ ಅಜ್ಜ, ಕಮಲ, ಬಸವ, ಮನೆ ಎಂಬ ನಾಲ್ಕು ಪದಗಳಿವೆ. ಏಜೆಂಟ್ ಪೈಥಾನಿನ ಸಾದಾ ಸಾರ್ಟ್ ಕರೆದು ಕೈತೊಳೆದುಕೊಂಡರೂ ಇಷ್ಟು ಪಾಸಾಗುತ್ತದೆ. ಈಗ ಬಹಳ, ಬಳೆ ಎಂಬ ಎರಡು ಪದ ಕೊಡಿ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹಕಾರದ ನಂತರ, ಹಾಗಾಗಿ ನಿಘಂಟಿನಲ್ಲಿ 'ಬಹಳ' ಮೊದಲು. ಯುನಿಕೋಡ್ ಕೋಷ್ಟಕದಲ್ಲಿ ಳಕಾರಕ್ಕೆ ಲ ಮತ್ತು ವಗಳ ನಡುವೆ ಜಾಗ ಕೊಟ್ಟಿದ್ದಾರೆ, ಅದನ್ನೇ ಹಿಡಿಯುವ ಸಾದಾ ಸಾರ್ಟ್ 'ಬಳೆ'ಯನ್ನು ಮುಂದೆ ಮಾಡುತ್ತದೆ. ಹಸಿರು ಟಿಕ್ ಕೆಂಪಾಗುತ್ತದೆ.

ಸರಿಮಾಡು ಎಂದು ಏಜೆಂಟ್‌ಗೆ ಮರಳಿಸಿದಾಗ ಅದು ಮಾಡಬಹುದಾದದ್ದು ಮೂರು. ಅಕ್ಷರಗಳ ಕ್ರಮಕ್ಕೆ ತನ್ನದೇ ಕೋಷ್ಟಕ ಬರೆಯಬಹುದು, ಅದು ಸರಿಯಾದ ಕೆಲಸ. ಟೆಸ್ಟ್ ಫೈಲಿಗೆ ಹೋಗಿ ನಿರೀಕ್ಷಿತ ಉತ್ತರದಲ್ಲಿ 'ಬಳೆ'ಯನ್ನು ಮೊದಲು ಮಾಡಬಹುದು, ಅದು ಬೇಲಿಯೇ ಎದ್ದು ಹೊಲ ಮೇಯ್ದದ್ದು. ಇಲ್ಲವೇ 'ಬಳೆ' ಎಂಬ ಪದ ಬಂದರೆ ಒಂದು ಜಾಗ ಹಿಂದಕ್ಕೆ ತಳ್ಳು ಎಂದು ಆ ಒಂದೇ ಪದಕ್ಕೆ ಒಂದು ಷರತ್ತು ಗೀಚಬಹುದು. ಮೂರೂ ಹಸಿರೇ. ಕೊನೆಯದನ್ನು ಹಿಡಿಯಲು ಲಾಗ್ ಓದಬೇಕು, ಇಲ್ಲವೇ ಏಜೆಂಟ್ ಕಂಡಿರದ ಇನ್ನೊಂದು ಜೋಡಿಯನ್ನು ಕೊಡಬೇಕು: ಹಸು ಮತ್ತು ಹಳ್ಳಿ. 'ಹಳ್ಳಿ' ಮೊದಲು ಬಂದರೆ ಬಣ್ಣ ಬಯಲು. ಹೀಗೆ ಪರೀಕ್ಷೆಗೆ ಮಾತ್ರ ಒಗ್ಗುವ ಷರತ್ತು ಬರೆಯುವ ಚಾಳಿ ತನ್ನ ಕ್ಲಾಡ್ 3.7 ಸಾನೆಟ್ ಮಾದರಿಯಲ್ಲಿ ಕಂಡಿದ್ದನ್ನು ಆಂತ್ರೋಪಿಕ್ ಕಂಪನಿಯೇ ದಾಖಲಿಸಿದೆ.

ಇಷ್ಟೆಲ್ಲ ಓದಲು ಪುರುಸೊತ್ತೆಲ್ಲಿ ಎನ್ನುತ್ತೀರಿ. ನ್ಯಾಯವಾದ ಪ್ರಶ್ನೆ. ಸಮಯ ಉಳಿಸಲೆಂದೇ ಏಜೆಂಟ್ ಇಟ್ಟುಕೊಂಡದ್ದು. ಆದರೆ ಉಳಿದದ್ದು ಎಷ್ಟು ಎಂಬ ಅಂದಾಜೂ ಕೈಕೊಡುತ್ತದೆ. ಮೀಟರ್ ಸಂಸ್ಥೆ 2025ರಲ್ಲಿ ಅನುಭವಿಗಳಾದ 16 ಓಪನ್ ಸೋರ್ಸ್ ಪ್ರೋಗ್ರಾಮರ್‌ಗಳಿಂದ 246 ಕೆಲಸಗಳನ್ನು ಮಾಡಿಸಿ, ಎಐ ನೆರವು ಇದ್ದಾಗ ಮತ್ತು ಇಲ್ಲದಾಗ ಹಿಡಿದ ಹೊತ್ತನ್ನು ಅಳೆಯಿತು. ಶೇ. 24 ವೇಗ ಸಿಕ್ಕೀತೆಂದು ಅವರು ಮೊದಲು ಎಣಿಸಿದ್ದರು. ಮುಗಿದ ಮೇಲೂ ಶೇ. 20 ಉಳಿಯಿತು ಎಂದರು. ಗಡಿಯಾರ ಹೇಳಿದ್ದು ಬೇರೆ: ಎಐ ಹಿಡಿದಾಗ ಶೇ. 19ರಷ್ಟು ಹೆಚ್ಚು ಹೊತ್ತು ಹಿಡಿದಿತ್ತು. ಅಂದಿನಿಂದ ಮಾದರಿಗಳು ಬದಲಾಗಿವೆ, ಈ ಅಂಕಿಯನ್ನು ಎಲ್ಲರಿಗೂ ಅಂಟಿಸುವುದು ಸರಿಯಲ್ಲ. ಅದೇ ಸಂಸ್ಥೆ ಇನ್ನೊಮ್ಮೆ 18 ನಿಜವಾದ ಕೆಲಸಗಳನ್ನು ಏಜೆಂಟ್‌ಗೆ ಕೊಟ್ಟಾಗ ಶೇ. 38 ರನ್‌ಗಳು ಟೆಸ್ಟ್ ಪಾಸಾದವು. ಪರಿಶೀಲಿಸಿದ ಮನುಷ್ಯರ ಪ್ರಕಾರ, ಹಾಗೇ ಮರ್ಜ್ ಮಾಡಬಹುದಾದದ್ದು ಅವುಗಳಲ್ಲಿ ಒಂದೂ ಇರಲಿಲ್ಲ.

ಲಾಗ್ ಪೂರ್ತಿ ಓದಬೇಕಿಲ್ಲ. ಉತ್ತರಪತ್ರಿಕೆ ತಿದ್ದುವ ಮೇಷ್ಟ್ರು ಎಲ್ಲ ಪುಟಕ್ಕೂ ಒಂದೇ ಹೊತ್ತು ಕೊಡುವುದಿಲ್ಲ. ಎಲ್ಲಿ ಕಣ್ಣು ನಿಲ್ಲಬೇಕೆಂದು ಅವರಿಗೆ ಗೊತ್ತು. ಮೊದಲು ಟೆಸ್ಟ್ ಫೈಲುಗಳ ಡಿಫ್ ತೆರೆಯಿರಿ. ಬಗ್ ಸರಿಮಾಡು ಎಂದು ಕಳಿಸಿದ ಏಜೆಂಟ್ ಹಳೆಯ ಟೆಸ್ಟ್‌ನ ನಿರೀಕ್ಷಿತ ಉತ್ತರವನ್ನು ಬದಲಿಸಿದ್ದರೆ ಅಲ್ಲೇ ನಿಲ್ಲಿ. ಆಮೇಲೆ ಲಾಗ್‌ನಲ್ಲಿ ಏಜೆಂಟ್ ಸಾಲಾಗಿ ಮೂರ್ನಾಲ್ಕು ಸಲ ಸೋತು, ಇದ್ದಕ್ಕಿದ್ದಂತೆ ಗೆದ್ದ ಜಾಗವನ್ನು ಹುಡುಕಿ. ಮೋಸವಿದ್ದರೆ ಬಹುಮಟ್ಟಿಗೆ ಆ ತಿರುವಿನಲ್ಲೇ ಇರುತ್ತದೆ: ದೋಷವನ್ನು ನುಂಗಿ ಸುಮ್ಮನಾಗುವ ಎಕ್ಸೆಪ್ಟ್ ಸಾಲು, ನಿಜವಾದ ಡೇಟಾಬೇಸಿನ ಜಾಗದಲ್ಲಿ ಕೂರಿಸಿದ ಮಾಕ್, ಕಮಾಂಡಿನ ಕೊನೆಗೆ ಅಂಟಿಸಿದ 'ಸೋತರೂ ಗೆದ್ದೆ ಎನ್ನು' ಎಂಬರ್ಥದ 'ಆರ್ ಟ್ರೂ' ಬಾಲ. ಈ ಬಾಲಕ್ಕೆ ಇರುವುದು ಒಂದೇ ಕೆಲಸ, ಬಂದ ಅಂಕಿ ಏನೇ ಇರಲಿ ಸೊನ್ನೆ ಮಾಡುವುದು.

ಕೊನೆಗೆ ವರದಿಯ ಒಂದೊಂದು ವಾಕ್ಯಕ್ಕೂ ಲಾಗ್‌ನಲ್ಲಿ ಒಂದು ಕಮಾಂಡ್ ಇದೆಯೇ ಎಂದು ತಾಳೆ ನೋಡಿ. ಟೆಸ್ಟ್ ಓಡಿಸಿದೆ ಎಂದಿದೆಯಲ್ಲ, ಓಡಿಸಿದ್ದು ಕೊನೆಯ ತಿದ್ದುಪಡಿಗೆ ಮೊದಲೋ ನಂತರವೋ? ಎಲ್ಲ ಟೆಸ್ಟ್‌ಗಳನ್ನೋ, ಹೆಸರು ಹೇಳಿ ಆರಿಸಿಕೊಂಡ ಒಂದನ್ನೋ? ಸಣ್ಣ ರನ್ನಿಗಾದರೆ ಇದಕ್ಕೆ ಒಂದು ಕಾಫಿಯ ಹೊತ್ತು ಸಾಕು. ಇನ್ನೊಂದು ಎಐ ಮಾದರಿಯಿಂದ ಓದಿಸುವುದಕ್ಕೂ ಅಡ್ಡಿಯಿಲ್ಲ, ಓಪನ್‌ಎಐನ ಶೇ. 95 ಬಂದದ್ದು ಹಾಗೆಯೇ. ಆದರೆ ಅದು ಅನುಮಾನವಿದೆ ಎಂದ ಪುಟವನ್ನು ಮನುಷ್ಯರೇ ತೆರೆಯಬೇಕು. ಅನುಮಾನವಿಲ್ಲ ಎಂದವುಗಳಲ್ಲೂ ಒಂದೆರಡನ್ನು ಚೀಟಿ ಎತ್ತಿದ ಹಾಗೆ ಆರಿಸಿ ನೋಡಬೇಕು.

ಟೀಮ್ ಲೀಡ್‌ಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ವಾರಕ್ಕೆ ಎಷ್ಟು ಮರ್ಜ್ ಆಯಿತೆಂದು ಎಣಿಸುವ ಪಟ್ಟಿ ನಿಮ್ಮಲ್ಲಿದೆ. ಅದರ ಪಕ್ಕ ಇನ್ನೊಂದು ಕಾಲಂ ಹಾಕಿ: ಜಾಡು ಓದಿದವರು ಯಾರು. ಹೆಸರಿಲ್ಲದ ಸಾಲು ಮುಂದಕ್ಕೆ ಹೋಗಬಾರದು. ಕಿರಿಯ ಎಂಜಿನಿಯರ್ ಒಬ್ಬರು ಅರ್ಧ ದಿನ ಲಾಗ್ ಓದಿ, ಹಸಿರಾಗಿದ್ದ ರನ್ ಒಂದನ್ನು ವಾಪಸು ಕಳಿಸಿದರೆ ಆ ದಿನ ಅವರು ಕೆಲಸ ಮಾಡಲಿಲ್ಲ ಎಂದು ಬರೆದುಕೊಳ್ಳಬೇಡಿ.

ಇವತ್ತು ಬೆಳಗ್ಗೆಯೂ ನಿಮ್ಮ ಮುಂದೆ ಮರ್ಜ್‌ಗೆ ಕಾದ ಸಾಲು ಇದೆ. ಮೇಲಿನದನ್ನು ತೆರೆಯಿರಿ. ವರದಿಯನ್ನು ಆಮೇಲೆ ಓದಿದರಾಯಿತು, ಮೊದಲು ಟೆಸ್ಟ್ ಫೈಲಿನ ಡಿಫ್.

ಇಂತಿ,
ರಿವ್ಯೂ ಸರದಿಯಲ್ಲಿ ಕೂತಿರುವ ನಿಮ್ಮಲ್ಲೇ ಒಬ್ಬರು